ದಾರ ತಿರುಗಿಸಿದ ಸಂಜೆ

"ಎಲ್ಲಿದೆ ಉಪ್ಪು? ತೋರಿಸು ನೋಡೋಣ," ಎಂದು ಕಂಡಕ್ಟರಮ್ಮ ಮೀನು ಗಾಳದ ರೀಲನ್ನು ಸೊಸೆಯ ಮೂಗಿನ ಹತ್ತಿರಕ್ಕೇ ಹಿಡಿದರು.

ಉಪ್ಪು ಇತ್ತು. ಕಪ್ಪು ರೀಲಿನ ಹಿಡಿಯ ಬುಡದಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕೂತಿತ್ತು. ದಾರಿಯಲ್ಲಿ ಹೋಗುವವರೂ ನಿಂತು ಹೇಳಬಹುದಾದಷ್ಟು ಇತ್ತು. ಸೊಸೆ ಅದನ್ನು ನೋಡಿದಳು, ಆಮೇಲೆ ಅತ್ತೆಯ ಮುಖ ನೋಡಿದಳು.

"ಇಲ್ಲ ಅತ್ತೆ. ಬಿಸಿಲಿಗೆ ನನಗೇ ಹಾಗೆ ಕಂಡಿತೇನೋ."

"ಮತ್ತೆ! ಮೂವತ್ತೊಂದು ವರ್ಷ ಬಸ್ಸಲ್ಲಿ ಟಿಕೆಟ್ ಹರಿದವಳು ನಾನು. ಹಳೇ ಪಾಸ್ ಇಟ್ಕೊಂಡು ಕೂತವರನ್ನ ಹಿಂದಿನ ಬಾಗಿಲಿಂದಲೇ ಹಿಡೀತಿದ್ದೆ. ನನ್ನ ಕೈಲಿ ಉಪ್ಪು ತಪ್ಪಿಸಿಕೊಳ್ಳುತ್ತಾ?"

ಪ್ರತಿ ಭಾನುವಾರ ಹೀಗೆಯೇ. ಬೆಳಕು ಹರಿಯುವ ಮೊದಲೇ ಕಂಡಕ್ಟರಮ್ಮ ಗಾಳದ ಕೋಲು ಹೆಗಲಿಗೇರಿಸಿ, ಸಮುದ್ರಕ್ಕೆ ಅಡ್ಡ ಹಾಕಿದ ಬಂಡೆಗಳ ಮೇಲೆ ಹೋಗಿ ಕೂರುತ್ತಿದ್ದರು. ಹತ್ತು ಗಂಟೆಗೆ ಬಂದರೆ ಮೀನಿಗಿಂತ ಮೊದಲು ರೀಲಿನ ಉಪಚಾರ. ನೀರು ಒಳಗೆ ಹೋಗದಂತೆ ಮೇಲಿನ ತಿರುಪನ್ನು ಬಿಗಿ ಮಾಡಿ, ನಲ್ಲಿಯನ್ನು ಸಣ್ಣಗೆ ಬಿಟ್ಟು, ಬಾಣಂತಿಮನೆಯಲ್ಲಿ ಕೂಸಿಗೆ ನೀರು ಹಾಕುವ ಹಾಗೆ ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ತೊಳೆಯುತ್ತಿದ್ದರು. "ಪೈಪ್ ಹಿಡಿದು ಜೋರಾಗಿ ಬಿಟ್ಟರೆ ಉಪ್ಪು ಹೊರಗೆ ಬರಲ್ಲ, ಒಳಗೆ ಹೋಗಿ ಸಂಸಾರ ಹೂಡುತ್ತೆ," ಎನ್ನುವುದು ಅವರ ಮಾತು. ಆಮೇಲೆ ಹಳೆ ಬನಿಯನ್ನಿನ ತುಂಡಿನಿಂದ ಒರೆಸಿ, ತಿರುಪನ್ನು ಪೂರ್ತಿ ಸಡಿಲಿಸಿ, ನೆರಳಲ್ಲಿ ಒಣಗಲು ಇಡುತ್ತಿದ್ದರು. ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ಗ್ರೀಸು, ಎಣ್ಣೆ. ಆ ಮನೆಯಲ್ಲಿ ಯಾರು ಏನನ್ನು ಬೇಕಾದರೂ ಮುಟ್ಟಬಹುದಿತ್ತು, ರೀಲೊಂದನ್ನು ಬಿಟ್ಟು.

ಮಗ ಲಿಫ್ಟ್ ರಿಪೇರಿ ಮಾಡುವವನು. ಬೀಳುವುದರ ಬಗ್ಗೆ ಅವನಿಗೆ ಬೇಡವೆನ್ನುವಷ್ಟು ತಿಳುವಳಿಕೆ. ಪಾಚಿ ಕಟ್ಟಿದ ಆ ಬಂಡೆಗಳ ಮೇಲೆ ತಾಯಿ ನಡೆಯುವುದನ್ನು ನೆನೆದರೇ ಅವನಿಗೆ ಊಟ ಸೇರುತ್ತಿರಲಿಲ್ಲ. "ಕಾಲು ಗಟ್ಟಿ, ಕಣ್ಣು ಚುರುಕು ಇರೋವರೆಗೆ ಹೋಗು. ಎರಡರಲ್ಲಿ ಒಂದು ಕೈಕೊಟ್ಟರೂ ಕೋಲು ಅಟ್ಟಕ್ಕೆ ಹೋಗುತ್ತೆ, ಈಗಲೇ ಹೇಳಿದೀನಿ," ಎಂದು ಅವನು ವರ್ಷದ ಹಿಂದೆ ಹೇಳಿದ್ದ. ತಾಯಿ ಆಗ ನಕ್ಕು ತಲೆಯಾಡಿಸಿದ್ದರು. ಈಚೆಗೆ ಆ ಮಾತು ಬಂದರೆ ನಗುತ್ತಿರಲಿಲ್ಲ.

ಮಧ್ಯಾಹ್ನ ಕಂಡಕ್ಟರಮ್ಮ ಮಲಗಿದರು. ಎಲ್ಲೋ ಲಿಫ್ಟ್ ಕೈಕೊಟ್ಟಿದೆಯೆಂದು ಕರೆ ಬಂದು ಮಗ ಆಗಲೇ ಹೋಗಿದ್ದ. ಸೊಸೆ ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ ಪಕ್ಕ ನಿಂತು ಕೆಲಸ ಮಾಡುವವಳು. ಅರೆದು ಹೋಗುವ ಸದ್ದು ಕೇಳಿದರೆ ಅವಳ ಕೈ ಸುಮ್ಮನಿರುವುದಿಲ್ಲ. ಬೆಳಿಗ್ಗೆ ತೊಳೆಯುವಾಗ ಆ ರೀಲು ಕರಕರ ಎಂದಿತ್ತು. ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ, ತನ್ನ ಕೊಕ್ಕೆ ಕಡ್ಡಿ, ಇಕ್ಕಳ, ಮೆತ್ತನೆಯ ಬ್ರಷ್ಷು, ಹತ್ತಿ ಎಲ್ಲ ಸಾಲಾಗಿ ಇಟ್ಟುಕೊಂಡಳು. ಅಭ್ಯಾಸಬಲ, ಮುಖಕ್ಕೆ ಮಾಸ್ಕನ್ನೂ ಹಾಕಿಕೊಂಡಳು.

ರೀಲನ್ನು ಬಿಚ್ಚಿ ಒಳಗೆ ನೋಡಿದಳು. ಬೇರಿಂಗಿನ ಸುತ್ತ ಉಪ್ಪು ಹರಳುಗಟ್ಟಿತ್ತು. ಗ್ರೀಸು ಬೇಕಾದ ಕಡೆ ಇರಲಿಲ್ಲ, ಬೇಡದ ಕಡೆ ಮುದ್ದೆ ಮುದ್ದೆಯಾಗಿತ್ತು. ದಾರ ಸುತ್ತುವ ಉರುಳೆಯ ಕೆಳಗೆ ಮೂರು ವಾಷರು ಇರಬೇಕು. ಎರಡಿದ್ದವು. ಮೂರನೆಯ ಜಾಗದಲ್ಲಿದ್ದದ್ದನ್ನು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ನಾಲ್ಕು ತೂತಿನ ನೀಲಿ ಗುಂಡಿ! ಗಂಡನ ಕೆಲಸದ ಅಂಗಿಯದು. ಹೋದ ತಿಂಗಳು ಅವನು ಮನೆಯೆಲ್ಲ ಜಾಲಾಡಿ, ಇಸ್ತ್ರಿ ಅಂಗಡಿಯವನ ಜೊತೆ ಜಗಳ ಕಾಯ್ದು ಬಂದಿದ್ದ ಗುಂಡಿ.

ಸೊಸೆ ಮಾಸ್ಕಿನೊಳಗೇ ಕಿಸಕ್ಕೆಂದು ನಕ್ಕಳು. ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಅರ್ಧಕ್ಕೇ ನಿಂತಿತು. ನೀಲಿ ಗುಂಡಿಗೂ ಬಿಳಿ ವಾಷರಿಗೂ ವ್ಯತ್ಯಾಸ ಕಾಣದೆ, ತಿರುಪು, ಗುಂಡಿ ಎಲ್ಲ ಹಾಕಿಡುವ ಡಬ್ಬಿಯಲ್ಲಿ ಕೈಗೆ ಸಿಕ್ಕ ದುಂಡನೆಯದನ್ನು ಹಾಕಿ, ಯಾರಿಗೂ ಹೇಳದೆ ರೀಲು ಮುಚ್ಚಿದ್ದರು ಅತ್ತೆ. ಆ ಕಣ್ಣಿನಲ್ಲೇ ನಾಲ್ಕೈದು ಭಾನುವಾರ ಬಂಡೆಯಿಂದ ಬಂಡೆಗೆ ದಾಟಿದ್ದರು. ಅವಳಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅತ್ತೆಯ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು.

"ಯಾರೇ ಅದು, ನನ್ನ ರೀಲು ಮುಟ್ಟಿದ್ದು?"

ಬಾಗಿಲಲ್ಲಿ ಕಂಡಕ್ಟರಮ್ಮ ನಿಂತಿದ್ದರು. ಸೊಸೆ ಗುಂಡಿಯನ್ನು ಮುಷ್ಟಿಯೊಳಗೆ ಮುಚ್ಚಿದಳು.

"ನಾನೇ ಅತ್ತೆ. ಬಿಚ್ಚಿದೆ. ಈಗ ಜೋಡಿಸೋಕೆ ಬರ್ತಿಲ್ಲ. ಬೈಯೋದಾದ್ರೆ ಬೈದು ಮುಗಿಸಿ, ಆಮೇಲೆ ಕಲಿಸಿ."

ಕಂಡಕ್ಟರಮ್ಮ ಬೈದರು. ತುಂಬಿದ ಬಸ್ಸಿನ ಮುಂಬಾಗಿಲಿಗೂ ಹಿಂಬಾಗಿಲಿಗೂ ಒಟ್ಟಿಗೆ ಕೇಳುವ ಗಂಟಲು ಅದು. ಬೈದು ಮುಗಿದ ಮೇಲೆ ಸ್ಟೂಲು ಎಳೆದುಕೊಂಡು ಕೂತರು. "ಆ ಮಾಸ್ಕ್ ತೆಗಿ. ರೀಲಿಗೆ ನೆಗಡಿ ಬರಲ್ಲ."

ಸೊಸೆ ಕೊಕ್ಕೆ ಕಡ್ಡಿಯಿಂದ ಉಪ್ಪು ಕೆರೆದಳು, ಬ್ರಷ್ಷಿನಿಂದ ಹಲ್ಲುಚಕ್ರ ಉಜ್ಜಿದಳು. ಅತ್ತೆ ಒಂದೊಂದೇ ಭಾಗವನ್ನು ಬೆರಳಲ್ಲಿ ಸವರಿ, "ಇದು ಮೊದಲು. ಎಣ್ಣೆ ಒಂದೇ ತೊಟ್ಟು. ಅಭ್ಯಂಜನ ಅಲ್ಲ," ಎಂದು ಹೇಳುತ್ತ ಹೋದರು. ಕಳೆದ ವಾಷರು ಡಬ್ಬಿಯ ಮೂಲೆಯಲ್ಲೇ ಅಂಟಿಕೊಂಡಿತ್ತು. ಸೊಸೆ ಅದನ್ನು ಬಿಡಿಸಿ, ಒರೆಸಿ, ಉಳಿದೆರಡರ ಜೊತೆ ಅತ್ತೆಯ ಕೈಗಿಟ್ಟಳು. ಕಂಡಕ್ಟರಮ್ಮ ಹೆಬ್ಬೆರಳಿನಿಂದ ಎಣಿಸಿದರು. ಒಂದು, ಎರಡು. ಮೂರನೆಯದರ ಮೇಲೆ ಹೆಬ್ಬೆರಳು ನಿಂತಿತು. ಹೋದ ತಿಂಗಳು ಇದೇ ಬೆರಳಿಗೆ ನಾಲ್ಕು ತೂತು ಸಿಕ್ಕಿದ್ದವು, ಈಗ ತೂತು ಒಂದೇ ಇತ್ತು.

ಸೊಸೆಗೆ ಗೊತ್ತಾಗಿದೆ ಎಂದು ಅತ್ತೆಗೂ ಗೊತ್ತಾಯಿತು. ಮೂರನ್ನೂ ಕೂರಿಸಿ ಇಬ್ಬರೂ ರೀಲು ಮುಚ್ಚಿದರು. ಕಂಡಕ್ಟರಮ್ಮ ರೀಲನ್ನು ಕಿವಿಯ ಹತ್ತಿರ ಹಿಡಿದು ಹಿಡಿ ತಿರುಗಿಸಿದರು. ಸದ್ದೇ ಇರಲಿಲ್ಲ. ಅವರ ಮುಖ ಅಗಲವಾಯಿತು.

"ದಾರದ ಕಡೆ ನೋಡು," ಎಂದು ಅವರು ದಾರದ ಉರುಳೆಯನ್ನು ಸೊಸೆಯ ಕೈಗಿಟ್ಟರು. "ಹೊರಗಿನ ಅರ್ಧ ಬಂಡೆಗೆ ಉಜ್ಜಿ ಉಜ್ಜಿ ತರಿತರಿಯಾಗಿದೆ. ಒಳಗಿನದು ಸಮುದ್ರ ನೋಡೇ ಇಲ್ಲ, ಹೊಸಾದು. ತಿರುಗಿಸಿ ಸುತ್ತಿದರೆ ಇನ್ನೊಂದು ವರ್ಷ ಬರುತ್ತೆ. ಬಾ, ಬೀದಿಗೆ."

ಆ ಕೆಲಸಕ್ಕೆ ಮನೆ ಸಾಲದು. ನೂರಿಪ್ಪತ್ತು ಮೀಟರ್ ದಾರ. ಖಾಲಿ ಉರುಳೆಯೊಂದನ್ನು ರೀಲಿಗೆ ಹಾಕಿ, ಸವೆದ ತುದಿಯನ್ನು ಅದಕ್ಕೆ ಕಟ್ಟಿಕೊಂಡು ಕಂಡಕ್ಟರಮ್ಮ ಗೇಟಿನ ಮುಂದೆ ನಿಂತರು. ದಾರ ತುಂಬಿದ ಉರುಳೆಗೆ ಪೆನ್ಸಿಲ್ ತೂರಿಸಿ, ಬಿಚ್ಚಿಕೊಳ್ಳುತ್ತ ಬೀದಿಯುದ್ದಕ್ಕೂ ನಡೆಯುವುದು ಸೊಸೆಯ ಪಾಲು.

"ಕೊನೇಲಿ ಗಂಟು ಸಿಗುತ್ತೆ. ಬಿಚ್ಚಿ, ತುದಿ ಹಿಡ್ಕೊಂಡು ಕೈ ಎತ್ತು. ನಾನು ಸುತ್ತೋಕೆ ಶುರು ಮಾಡ್ತೀನಿ."

"ಕೂಗ್ತೀನಿ ಬಿಡಿ ಅತ್ತೆ."

"ಬೀದೀಲಿ ಕೂಗಾಡೋದು ಯಾಕೆ? ಕೈ ಎತ್ತು, ಸಾಕು."

ಸೊಸೆ ಹೊರಟಳು. ಇಸ್ತ್ರಿ ಅಂಗಡಿ ದಾಟಿದಳು, ಸೈಕಲ್ ಅಂಗಡಿ ದಾಟಿದಳು. ಭಾನುವಾರದ ಸಂಜೆ, ಮನೆಯಲ್ಲಿ ಕೂತು ಬೇಜಾರಾಗಿದ್ದ ಬೀದಿಗೆ ಇಷ್ಟು ಸಾಕಾಗಿತ್ತು. ಇಸ್ತ್ರಿಯವನು ಹೊರಗೆ ಬಂದು ಬರುವ ಸೈಕಲ್ಲುಗಳನ್ನು ನಿಲ್ಲಿಸತೊಡಗಿದ. ಯಾರೋ ನಾಯಿಯನ್ನು ಎತ್ತಿಕೊಂಡರು. "ಯಾವ ಮೀನು ಬಿತ್ತು ಕಂಡಕ್ಟರಮ್ಮ?" ಎಂದು ಮೇಲಿನಿಂದ ಒಬ್ಬರು ಕೇಳಿದರು. "ಸೊಸೆ ಬಿದ್ದಿದಾಳೆ, ದೊಡ್ಡದೇ!" ಎಂದು ಇವರು ಕೂಗಿದರು. ಬೀದಿಯೆಲ್ಲ ನಕ್ಕಿತು.

ಬೇಕರಿಯ ಮೂಲೆಯಲ್ಲಿ ದಾರ ಮುಗಿಯಿತು. ಸೊಸೆ ಗಂಟು ಬಿಚ್ಚಿ, ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಇನ್ನೊಂದು ಕೈ ಎತ್ತಿದಳು.

ಆ ಕಡೆ ಏನೂ ಆಗಲಿಲ್ಲ. ಕಂಡಕ್ಟರಮ್ಮ ನೇರ ಅವಳ ಕಡೆಗೇ ಮುಖ ಮಾಡಿ, ಕಾಯುತ್ತ ನಿಂತಿದ್ದರು. ಸೊಸೆ ಕೈ ಬೀಸಿದಳು. ಅದನ್ನು ನೋಡಿ ಬೇಕರಿಯಾಕೆಯೂ ಕೈ ಎತ್ತಿದಳು, ಸೈಕಲ್ ಅಂಗಡಿಯವನೂ ಎತ್ತಿದ. ಅಷ್ಟರಲ್ಲಿ ಮಗನ ಸ್ಕೂಟರು ಬಂದು ಗೇಟಿನ ಮುಂದೆ, ದಾರಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು.

"ಏನಮ್ಮಾ ಇದು? ಅರ್ಧ ಬೀದಿ ಕೈ ಎತ್ತಿ ನಿಂತಿದೆ. ನಿನಗೆ ಕಾಣ್ತಿಲ್ವಾ?"

"ಕಾಣ್ತಿದೆ" ಎಂದುಬಿಟ್ಟಿದ್ದರೆ ಆಗುತ್ತಿತ್ತು. ಆರು ತಿಂಗಳಿಂದ ಅದನ್ನೇ ಹೇಳಿಕೊಂಡು ಬಂದಿದ್ದರು. ಇವತ್ತು ಆ ಸುಳ್ಳು ಬೇಡವೆನಿಸಿತು. ಸಂಜೆಯ ಮಂಜಿನಂಥ ಬೀದಿಯೊಳಗಿಂದ ದಾರ ಬೆರಳಿಗೆ ಬಂದು ಮುಟ್ಟುತ್ತಿತ್ತು. ಆ ತುದಿಯಲ್ಲಿದ್ದವಳು ಗುಂಡಿಯ ವಿಷಯ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಕಂಡಕ್ಟರಮ್ಮ ಉಸಿರು ಎಳೆದುಕೊಂಡರು.

"ಕಾಣ್ತಿಲ್ಲ ಕಣೇ!" ಎಂದು ಬೀದಿಯ ಆ ತುದಿಗೆ ಕೂಗಿದರು. "ನೀನೂ ಕಾಣ್ತಿಲ್ಲ, ನಿನ್ನ ಕೈಯೂ ಕಾಣ್ತಿಲ್ಲ! ಆರು ತಿಂಗಳಾಯ್ತು!"

ಕಿಟಕಿಗಳಿಗೆಲ್ಲ ಕೇಳಿತು. ಮಗ ಹೆಲ್ಮೆಟ್ ತೆಗೆದ, ಬಾಯಿ ತೆರೆದ. ಅವನು ಹೇಳುವುದು ಏನೆಂದು ತಾಯಿಗೆ ಗೊತ್ತಿತ್ತು. ಹೇಳುವ ಮೊದಲೇ ಆ ಕಡೆಯಿಂದ ಸೊಸೆಯ ದನಿ ಬಂತು. ಅದೂ ಕಡಿಮೆಯದೇನಲ್ಲ ಎಂದು ಬೀದಿಗೆ ಅವತ್ತೇ ತಿಳಿದದ್ದು.

"ಪೊರೆ ಬಂದಿರುತ್ತೆ ಅತ್ತೆ! ತೆಗೆಸಿದ್ರೆ ಹೋಗುತ್ತೆ! ನಾಳೆ ನಾನೇ ರಜಾ ಹಾಕಿ ತೋರಿಸ್ಕೊಂಡು ಬರ್ತೀನಿ!"

"ಅಲ್ಲೀವರೆಗೆ ಭಾನುವಾರ?"

"ನಾನು ಮುಂದೆ, ನೀವು ನನ್ನ ಭುಜ ಹಿಡ್ಕೊಂಡು ಹಿಂದೆ! ರೀ, ನಿಮ್ಮ ಅಭ್ಯಂತರ ಏನಾದ್ರೂ ಇದೆಯಾ?"

ನೂರಿಪ್ಪತ್ತು ಮೀಟರ್ ದೂರದಿಂದ, ಇಡೀ ಬೀದಿಯ ಎದುರಿಗೆ ಕೇಳಿದ ಪ್ರಶ್ನೆ. ಮಗ ತಾಯಿಯ ಮುಖ ನೋಡಿದ. ಅಟ್ಟದ ಮಾತನ್ನು ಅಲ್ಲಿಗೇ ಬಿಟ್ಟ. "ಬಂಡೆ ಮೇಲೆ ಬೇಡ. ಕೆಳಗೆ ಮರಳಿನ ಮೇಲೆ ನಿಂತ್ಕೊಂಡು ಎಸೆದರೆ..." ಎಂದು ತಡವರಿಸಿದ. "ಕಣ್ಣು ಸರಿಹೋಗೋವರೆಗೆ. ನಾನೂ ಬರ್ತೀನಿ."

"ನೀನು ಬಂದರೆ ಮೀನು ಓಡಿಹೋಗುತ್ತೆ," ಎಂದರು ಕಂಡಕ್ಟರಮ್ಮ. ಸೆರಗಿನಿಂದ ಕಣ್ಣು ಒರೆಸಿಕೊಂಡು, ರೀಲನ್ನು ಎತ್ತಿ ಹಿಡಿದು ಮತ್ತೆ ಕೂಗಿದರು. "ಲೇ, ಕೈ ಇಳಿಸು! ದಾರ ಎಳಿ. ಒಂದು ಸಲ ಎಳೆದರೆ ಸ್ಟಾಪ್, ಎರಡು ಸಲ ಎಳೆದರೆ ರೈಟ್!"

ಒಂದು ಕ್ಷಣ ದಾರ ಸುಮ್ಮನಿತ್ತು. ಆಮೇಲೆ ಬೆರಳಿಗೆ ಟಕ್ ಎಂದಿತು. ಟಕ್.

"ರೈಟ್! ರೈಟ್!" ಎಂದು ಕಂಡಕ್ಟರಮ್ಮ ಸುತ್ತತೊಡಗಿದರು. ದಾರ ಸಡಿಲಾಗದಂತೆ ಹಿಡಿದು ಸೊಸೆ ನಡೆದು ಬಂದಳು. ಮೊದಲು ಏನೂ ಇರಲಿಲ್ಲ. ಸೈಕಲ್ ಅಂಗಡಿಯ ಹತ್ತಿರ ಹಸಿರು ಬಣ್ಣ ಒಂದು ಅಲುಗಾಡಿತು. ಇಸ್ತ್ರಿ ಅಂಗಡಿ ದಾಟುವಾಗ ಅದಕ್ಕೆ ಕೈಕಾಲು ಬಂತು, ನಡಿಗೆ ಬಂತು. ಕಂಡಕ್ಟರಮ್ಮ ಸುತ್ತುತ್ತಲೇ ಇದ್ದರು. ದಾರ ಮೊಳದಷ್ಟು ಉಳಿದಾಗ ಹಸಿರು ಬಣ್ಣದ ಮೇಲೆ ಮುಖ ಮೂಡಿತು. ಬೆವರಿತ್ತು, ನಗುತ್ತಿತ್ತು, ಕೆನ್ನೆಯ ಮೇಲೆ ಗ್ರೀಸಿನ ಗೆರೆಯೊಂದಿತ್ತು. ಅವರು ಹೆಬ್ಬೆರಳಿನಿಂದ ಅದನ್ನು ಒರೆಸಿದರು.