ಥೋಯ್‌ನ ದನಿ

ಪೆಟ್ಟಿಗೆ ಎತ್ತಲು ಗಂಡಸರು ಬಗ್ಗಿದ್ದರು; ದಿಯೆಮ್ ಬಿಡಲಿಲ್ಲ. ಅಪ್ಪನ ಶವಪೆಟ್ಟಿಗೆಯ ಅಂಚನ್ನು ಎರಡೂ ಕೈಗಳಿಂದ ಹಿಡಿದು ಕುಕ್ಕರಿಸಿದ್ದಳು. ಹಣೆಗೆ ಕಟ್ಟಿದ ಸೂತಕದ ಬಿಳಿ ಬಟ್ಟೆ ಕಣ್ಣ ಮೇಲೆ ಜಾರಿತ್ತು. ಇನ್ನೂ ಮೂರನೇ ತರಗತಿಯ ಹುಡುಗಿ. ಬೆರಳು ಬಿಡಿಸಹೋದ ದೊಡ್ಡಪ್ಪನ ಕೈ ಕಚ್ಚಿದಳು.

ಮನೆಯ ಹಿಂದಿನ ಕಾಲುವೆಯಲ್ಲಿ ದೋಣಿ ಕಾಯುತ್ತಿತ್ತು. ನೀರು ಇಳಿದುಬಿಟ್ಟರೆ ಅದು ಸ್ಮಶಾನದವರೆಗೆ ಹೋಗುವಂತಿರಲಿಲ್ಲ.

ದೊಡ್ಡಪ್ಪ ಕೈ ಒರೆಸಿಕೊಳ್ಳುತ್ತ ದಿಯೆಮ್‌ಳ ತಾಯಿ ಲಿಯೆನ್‌ಳ ಬಳಿ ಬಂದ. "ಥೋಯ್ ಬಂದಿದಾನೆ. ಬೇಲಿ ಹತ್ರ ನಿಂತಿದಾನೆ. ಒಳಗೆ ಕರೀಲಾ?"

"ಬೇಡ ಭಾವ. ಈ ಮನೇಲಿ ಅವನು ಬಾಯಿ ತೆರೀಬಾರದು."

*

ದಿಯೆಮ್‌ಳ ಅಪ್ಪ ಲಾಮ್, ಮೆಕಾಂಗ್ ನದಿಯ ದಂಡೆಯ ಊರೂರು ಅಲೆಯುತ್ತಿದ್ದ ನಾಟಕ ಕಂಪನಿಯ ನಟ. ಒಂದೇ ಆಟದಲ್ಲಿ ರಾಜನಾಗಿ ಸತ್ತು, ಕುರುಡು ಭಿಕ್ಷುಕನಾಗಿ ಹಾಡಿ, ಜಗಳಗಂಟಿ ಅತ್ತೆಯಾಗಿ ನಗಿಸುತ್ತಿದ್ದ. ಲಿಯೆನ್ ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದವಳು. ಪರದೆಯ ಹಿಂದೆ ಕೂತು, ಮುಖ ಕಾಣದೆ, ಬರೀ ದನಿಗೇ ಮನಸೋತವಳು.

ದಿಯೆಮ್ ಜೋಲಿಯಲ್ಲಿದ್ದಾಗ ಅವನಿಗೆ ಗಂಟಲಿನ ಕ್ಯಾನ್ಸರ್ ಬಂತು. ಜೀವ ಉಳಿಯಿತು, ದನಿ ಹೋಯಿತು.

ಆಮೇಲೆ ಕೈಹಿಡಿದದ್ದು ಟೀವಿ. ಸೈಗಾನಿನ ಧಾರಾವಾಹಿಗಳಿಗೆ ಮಾತನ್ನು ಹೇಗೂ ಬೇರೆಯವರು ಕೂಡಿಸುತ್ತಿದ್ದರು. ಕತ್ತಿಗೆ ಚೌಕಳಿ ವಸ್ತ್ರ ಸುತ್ತಿಕೊಂಡು ಲಾಮ್ ರೈತನಾದ, ಮೀನುಗಾರನಾದ, ಕಳ್ಳನಾದ. ತುಟಿ ಅವನದು, ಮಾತು ಥೋಯ್‌ನದು. ಕಂಪನಿಯಲ್ಲಿ ಲಾಮ್‌ನಿಂದಲೇ ಹಾಡು ಕಲಿತವನು ಥೋಯ್.

ಮೊದಲ ಕಂತು ಬಂದ ಸಂಜೆ, ಗಂಡನ ಬಾಯಿಂದ ಪರಕೀಯ ದನಿ ಹೊರಟಿದ್ದೇ ಲಿಯೆನ್ ಎದ್ದು ಸದ್ದು ಅಡಗಿಸಿದಳು. ಆಗತಾನೇ ಮಾತು ಕಲಿಯುತ್ತಿದ್ದ ದಿಯೆಮ್ ಅಳತೊಡಗಿದಳು. "ಅಪ್ಪ ಮಾತಾಡ್ತಿತ್ತು."

ಲಾಮ್ ಬಂದು ಸದ್ದು ಹೆಚ್ಚಿಸಿದ. ಮಗಳ ಮುಂದೆ ಕೂತು, ಆ ಮಾತಿಗೆ ಸರಿಯಾಗಿ ತುಟಿ ಆಡಿಸಿದ. ಮಗು ನಕ್ಕಿತು. ಅಂದಿನಿಂದ ಲಿಯೆನ್ ಥೋಯ್‌ನ ಸಂಗಡ ಮಾತು ಬಿಟ್ಟಳು.

*

ದೋಣಿಯವನು ಮತ್ತೆ ಕೂಗಿದ. ಹುಡುಗಿಯನ್ನು ಎಳೆದು ಕೋಣೆಯಲ್ಲಿ ಕೂಡಿಹಾಕೋಣ ಎಂದರು ಯಾರೋ. ಲಿಯೆನ್ ಬೇಲಿಯತ್ತ ನಡೆದಳು.

ಥೋಯ್ ಹಚ್ಚದ ಊದುಬತ್ತಿ ಹಿಡಿದು ನಿಂತಿದ್ದ. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದ. ಮಾತಾಡಿಸಿದವರಿಗೆಲ್ಲ ತಲೆಯಾಡಿಸಿಯೇ ಉತ್ತರ ಕೊಟ್ಟಿದ್ದ.

"ಅವಳನ್ನ ಕರಿ," ಎಂದಳು ಲಿಯೆನ್.

ಅವನು ಬಟ್ಟೆ ಸರಿಸಿ ಪಿಸುಗುಟ್ಟಿದ. "ನನ್ ಕೈಲಾಗಲ್ಲ ಅತ್ತಿಗೆ. ಅಣ್ಣ ಅಲ್ಲಿ ಮಲಗಿರುವಾಗ ಆ ದನಿ ತೆಗೀಲಾರೆ."

"ನಾನು ಕರೆದ್ರೆ ಬರ್ತಿಲ್ಲ ಥೋಯ್. ನಿನ್ ಕಾಲಿಗೆ ಬೀಳ್ತೀನಿ."

ಅವನು ಹೊಸ್ತಿಲವರೆಗೆ ಬಂದ. ಗೋಡೆ ಹಿಡಿದು ಒಳಗೆ ಇಣುಕಿದ.

"ದಿಯೆಮ್, ಬಿಡು ಮಗಳೇ. ಹೊತ್ತಾಯ್ತು."

ಹುಡುಗಿಯ ಬೆರಳುಗಳು ತಾವಾಗಿ ಸಡಿಲಿದವು. ಅವಳು ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಪರಿಚಿತನನ್ನು ನೋಡಿದಳು.

"ಆ ದನಿ ನಿಮ್ದಾ?"

ಥೋಯ್ ತಲೆ ತಗ್ಗಿಸಿದ.

ಹುಡುಗಿ ಅಳಲಿಲ್ಲ. ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಗಂಡಸರು ಪೆಟ್ಟಿಗೆಯನ್ನು ಸೊಂಟದೆತ್ತರಕ್ಕೆ ಎತ್ತಿದರು. ಲಿಯೆನ್ ಅದರ ಪಕ್ಕದಲ್ಲೇ ಹೆಜ್ಜೆ ಹಾಕುತ್ತ, ಪರದೆಯಾಚೆ ತಾನು ಕೇಳಿದ್ದ ದನಿಯನ್ನು ನೆನೆಯಲು ನೋಡಿದಳು. ಥೋಯ್‌ನದೇ ಕೇಳಿಸಿತು. ಮತ್ತೆ ಪ್ರಯತ್ನಿಸಿದಳು. ಅದೇ.

ಅಂಗಳದ ನಡುವೆ ಅವರನ್ನು ತಡೆದು, ಪೆಟ್ಟಿಗೆಯ ಮುಚ್ಚಳಕ್ಕೆ ಕಿವಿಯಾನಿಸಿದಳು. ಹೊತ್ತವರ ತೋಳುಗಳು ಭಾರಕ್ಕೆ ನಡುಗತೊಡಗಿದವು. ಅವಳು ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು.