ಕಡ್ಡಿ ಚುಚ್ಚಿದ ಹೆಂಡಿ ಯಾರದು?

ಫಕೀರವ್ವ ಮೊಣಕೈವರೆಗೂ ಸಗಣಿನೀರಿನಲ್ಲಿ ಕೈ ಇಳಿಬಿಟ್ಟು, ಗಂಟು ಒಡೆದು, ಹುಲ್ಲಿನ ಎಸಳು ಆರಿಸಿ ಹೊರಗೆ ಹಾಕುತ್ತಿದ್ದಳು. ಆಗ ಕೊಟ್ರಪ್ಪಗೌಡರು ಬಂದು ಸಗಣಿ ಕಲಸುವ ತೊಟ್ಟಿಯ ಹತ್ತಿರ ನಿಂತರು.

“ಯಾರ ಹೆಂಡಿ ಬೇ ಅದು?”

ನಮ್ಮ ಕಡೆ ಸಗಣಿಗೆ ಹೆಂಡಿ ಅನ್ನುತ್ತಾರೆ. ಆ ಪ್ರಶ್ನೆಗೆ ಊರೇ ಎರಡು ಭಾಗವಾಯಿತು. ಅದನ್ನು ಹೇಳುವ ಮೊದಲು ನಾನು ಯಾರೆಂದು ಹೇಳಬೇಕು.

ನಾನು ಒಂದು ಕಬ್ಬಿಣದ ಡ್ರಮ್ಮು. ಊರಿನ ಗೋಬರ್ ಗ್ಯಾಸಿನ ಗುಂಡಿಯ ಮೇಲೆ ಬೋರಲಾಗಿ ತೇಲುವುದು ನನ್ನ ಕೆಲಸ. ಕೆಳಗೆ ಸಗಣಿ ಹುಳಿತು ಗ್ಯಾಸು ತುಂಬಿದರೆ ಮೇಲೇಳುತ್ತೇನೆ. ಮನೆಗಳಲ್ಲಿ ಒಲೆ ಉರಿದ ಹಾಗೆ ಕೆಳಗಿಳಿಯುತ್ತೇನೆ. ಹೆಂಗಸರು ನನ್ನನ್ನು ಒಮ್ಮೆ ನೋಡಿಯೇ ಬೇಳೆಗೆ ನೀರಿಡುತ್ತಿದ್ದರು.

ಹುಟ್ಟಿದ್ದು ಗದಗಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ತಗಡು ಬಗ್ಗಿಸಿ ಬೆಸೆದರು, ನೀರು ತುಂಬಿ ಎಲ್ಲಿ ಸೋರುತ್ತದೆಂದು ನೋಡಿದರು, ಕಪ್ಪು ಬಣ್ಣ ಬಳಿದರು. ಟ್ರ್ಯಾಕ್ಟರಿನಲ್ಲಿ ಮಲಗಿಸಿ ತಂದಾಗ ಊರಿನವರು ಆರತಿ ಎತ್ತಿದರು. ಅಂಥ ಮರ್ಯಾದೆ ಮತ್ತೆ ಸಿಗಲಿಲ್ಲ. ಮರುದಿನದಿಂದ ಬರೀ ಸಗಣಿ.

ಮೊದಲು ನಾನು ಸರಕಾರದ ಸೊತ್ತಾಗಿದ್ದೆ. ಆಮೇಲೆ ಊರಿನವರು ಸಂಘ ಮಾಡಿಕೊಂಡರು, ಸರಕಾರದವರು ನನ್ನನ್ನು ಸಂಘಕ್ಕೆ ಒಪ್ಪಿಸಿದರು. ಗೌಡರು ಅಧ್ಯಕ್ಷರು, ಶೇಖಪ್ಪ ಸೆಕ್ರೆಟರಿ. ನನ್ನ ಪಕ್ಕದ ಷೆಡ್ಡಿನ ಗೋಡೆಗೆ ನಿಯಮ ಬರೆಸಿದರು. ಕೊಟ್ಟಿಗೆಯಲ್ಲಿ ದನ ಇದ್ದವರು ಸದಸ್ಯರು. ಸದಸ್ಯರ ಮನೆಗೆ ಪೈಪು. ಯಾರದಾದರೂ ತಕರಾರಿದ್ದರೆ ಸೆಕ್ರೆಟರಿ ಮೊಹರು ಹಾಕಿ ಗದಗಿನ ಸರಕಾರಿ ಕಚೇರಿಗೆ ಕಳಿಸತಕ್ಕದ್ದು.

ಫಕೀರವ್ವನಿಗೆ ದನವಿರಲಿಲ್ಲ. ಬೀದಿಯಲ್ಲಿ ಬಿದ್ದ ಸಗಣಿ ಬಳಿದು ಉರುವಲಿಗೆ ಕುಳ್ಳು ತಟ್ಟಿ ಮಾರುತ್ತಿದ್ದಳು. ಇದಕ್ಕೊಂದು ಹಳೆಯ ಕಟ್ಟಳೆ ಇತ್ತು. ಬಿದ್ದ ಸಗಣಿಯನ್ನು ಯಾರು ಮೊದಲು ಕಂಡು ಅದಕ್ಕೊಂದು ಕಡ್ಡಿ ಚುಚ್ಚುತ್ತಾರೋ ಅದು ಅವರದು. ಬುಟ್ಟಿ ತರಲು ಮನೆಗೆ ಹೋಗಿ ಬಂದರೂ ಬೇರೆಯವರು ಮುಟ್ಟುವಂತಿಲ್ಲ.

ನಾನು ಬಂದ ಹೊಸತರಲ್ಲಿ ಶೇಖಪ್ಪನೇ ಅವಳನ್ನು ಕರೆದಿದ್ದ. “ಕುಳ್ಳು ತಟ್ಟೂದು ಬಿಡು ಬೇ. ಹೆಂಡಿ ಇಲ್ಲಿಗೆ ತಾ. ನಿನ್ನ ಮನೀಗೂ ಪೈಪ್ ಎಳೆಸೋಣು.”

ಅವಳು ನಂಬಿದ್ದಕ್ಕೆ ಕಾರಣವಿತ್ತು. ಮಗಳು ದ್ಯಾಮವ್ವನಿಗೆ ಉಬ್ಬಸ. ಒಲೆ ಹೊತ್ತಿಸಿದರೆ ಹುಡುಗಿ ಹೊರಗೆ ಬಂದು ಕಟ್ಟೆ ಹಿಡಿದು ಕೂರುತ್ತಿದ್ದಳು. ಹೊಗೆ ಕುಡಿದರೆ ಈ ಎದೆ ಬಹಳ ದಿನ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಫಕೀರವ್ವ ತಂದಳು, ಅವಳನ್ನು ನೋಡಿ ಅವಳ ಓಣಿಯ ಹೆಂಗಸರೂ ತಂದರು. ಪೈಪು ಗೌಡರ ಓಣಿಯ ತುದಿಗೆ ಬಂದು ನಿಂತಿತು. ಕೇಳಿದರೆ ಗೋಡೆಯ ಮೇಲಿನ ನಿಯಮ ತೋರಿಸಿದರು.

ಆಗ ಅವಳು ಅಂಗನವಾಡಿ ಟೀಚರ ಕೈಲಿ ಒಂದು ಕಾಗದ ಬರೆಸಿ ಹೆಬ್ಬೆಟ್ಟು ಒತ್ತಿದಳು. ಹೆಂಡಿ ಹಾಕಿದವರಿಗೂ ಗ್ಯಾಸಿನಲ್ಲಿ ಹಕ್ಕುಂಟೋ ಇಲ್ಲವೋ, ತಿಳಿಸಬೇಕು. ಇಷ್ಟೇ. ಶೇಖಪ್ಪ ಅದನ್ನು ಷೆಡ್ಡಿನಲ್ಲಿ ಬಣ್ಣದ ಡಬ್ಬಿಯ ಕೆಳಗಿಟ್ಟ. ವರ್ಷಕ್ಕೊಮ್ಮೆ ನನಗೆ ಬಣ್ಣ ಬಳಿಯುವಾಗ ಡಬ್ಬಿ ಎತ್ತುತ್ತಿದ್ದ, ಕಾಗದ ಕಾಣುತ್ತಿತ್ತು, ಮತ್ತೆ ಡಬ್ಬಿ ಇಡುತ್ತಿದ್ದ. ಹೀಗೆ ನನಗೆ ಎಷ್ಟೋ ಸಲ ಬಣ್ಣವಾಯಿತು. ಉತ್ತರ ಬಂದೀತೆಂದು ಆ ಹೆಂಗಸರು ಹೆಂಡಿ ತರುವುದನ್ನು ಬಿಡಲಿಲ್ಲ.

“ನಮ್ಮ ಕಾಗದ ಹೋತೇನ್ರಿ?” ಎಂದು ಅವಳು ಕೇಳುತ್ತಿದ್ದಳು.

“ಹೋಗತೈತಿ ಬೇ.”

“ಕಾಲಿಲ್ಲದ್ದು ತಾನ ಹೆಂಗ ಹೋಗತೈತ್ರಿ?”

ಇಷ್ಟಾದ ಮೇಲೆ ಆ ಬೆಳಿಗ್ಗೆ ಗೌಡರು ಕೇಳಿದ್ದು, ಯಾರ ಹೆಂಡಿ ಎಂದು. ಅವಳು ತಲೆ ಎತ್ತದೆ ಹೇಳಿದಳು, “ಕಡ್ಡಿ ನಾ ಚುಚ್ಚಿದ್ದು. ನಂದು.”

“ದನ ನಮ್ಮದು, ಮೇವು ನಮ್ಮದು. ರಸ್ತೆದಾಗ ಹಾಕಿದ್ರ ನಿಂದು ಹೆಂಗಾತು? ಅದೂ ನಮ್ಮದ. ನಿನಗ ಹಕ್ಕೂ ಇಲ್ಲ, ಪೈಪೂ ಇಲ್ಲ.”

ಫಕೀರವ್ವ ಕೈ ಜಾಡಿಸಿ ಎದ್ದಳು. “ಹಂಗಾರ ಗೌಡ್ರ, ನಿಮ್ಮ ಎಮ್ಮಿ ದಿನಾ ನನ್ನ ಬಾಗಲಾಗ ಹಾಕಿ ಹೋಗತೈತಿ. ನಾಳಿಂದ ನೀವ ಬಂದು ಬಳಕೊಂಡು ಹೋಗ್ರಿ.”

ನೀರಿಗೆ ಬಂದ ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು. ಗೌಡರು ನಗಲಿಲ್ಲ.

ಮರುದಿನ ಅವಳ ಓಣಿಯ ಹೆಂಗಸರು ಎಂದಿನಂತೆ ಬೀದಿಗಿಳಿದರು. ಬಿದ್ದ ಸಗಣಿಗೆಲ್ಲ ಕಡ್ಡಿ ಚುಚ್ಚಿದರು. ಆದರೆ ಬಳಿಯಲಿಲ್ಲ. ಕಾಗದ ಹೋಗುವ ತನಕ ಬಳಿಯುವುದಿಲ್ಲ ಎಂದರು. ಗೌಡರು ತಮ್ಮ ಆಳಿನ ಹೆಂಡತಿಗೆ ಬಳಿಯಲು ಹೇಳಿದರು. “ಇನ್ನೊಬ್ಬರು ಕಡ್ಡಿ ಚುಚ್ಚಿದ್ದನ್ನ ಮುಟ್ಟಿ, ನಾ ಓಣ್ಯಾಗ ಹೆಂಗ ಬಾಳ್ವೆ ಮಾಡ್ಲಿರಿ?” ಎಂದು ಅವಳು ಬುಟ್ಟಿ ಕೆಳಗಿಟ್ಟಳು. ಗೌಡರೂ ಮುಟ್ಟಲಿಲ್ಲ, ಆ ಕಟ್ಟಳೆಯಲ್ಲಿಯೇ ಅವರೂ ಬೆಳೆದವರು.

ಸದಸ್ಯರ ಕೊಟ್ಟಿಗೆಯ ಸಗಣಿ ಅವರವರ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಹೋಗುತ್ತಿತ್ತು. ನನಗೆ ಬರುತ್ತಿದ್ದುದು ಹೆಸರಿಗಷ್ಟೆ. ನನ್ನ ಹೊಟ್ಟೆ ತುಂಬುತ್ತಿದ್ದುದು ಬೀದಿಯ ಸಗಣಿಯಿಂದ ಎಂಬುದು ಊರಿಗೆ ಆಗ ತಿಳಿಯಿತು. ನಾನು ದಿನದಿನಕ್ಕೆ ತಗ್ಗುತ್ತ ಬಂದೆ. ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಒಳಗೆ ಬಿದ್ದ ಸಗಣಿಗೆ ಇದು ಗೌಡರ ಎಮ್ಮೆಯದು, ಇದು ಫಕೀರವ್ವ ತಂದದ್ದು ಎಂಬ ಗುರುತು ಉಳಿಯುವುದಿಲ್ಲ. ಒಲೆಯ ಉರಿಗೂ ಇಲ್ಲ.

ಕಡೆಗೆ ಗೌಡರ ಮನೆಗೆ ಹೊಸ ಬೀಗರು ಬಂದರು. ಹೋಳಿಗೆಗೆ ಬೇಳೆ ಇಟ್ಟಿದ್ದರು. ಅರ್ಧ ಬೇಯುವುದರೊಳಗೆ ನೀಲಿ ಉರಿ ಚಿಕ್ಕದಾಗುತ್ತ ಬಂದು ಆರಿತು. ಗೌಡರ ಹೆಂಡತಿ ನೀಲಮ್ಮ ಸೌಟು ಹಿಡಿದೇ ಷೆಡ್ಡಿಗೆ ಬಂದರು. ಗೌಡರು ಹಿಂದೆ.

“ಶೇಖಪ್ಪ, ಬೀಗರು ಜಗಲಿ ಮ್ಯಾಲೆ ಕುಂತಾರ, ಬ್ಯಾಳಿ ಕಲ್ಲಿನಂಗ ಐತಿ. ಆಕಿ ಕಾಗದ ಕಳಸು.”

ಶೇಖಪ್ಪ ಗೌಡರ ಮುಖ ನೋಡಿದ. “ಅವರ ಮುಖ ಏನ್ ನೋಡ್ತಿ?” ಎಂದರು ನೀಲಮ್ಮ. “ಅವರ ಮುಖದ ಮ್ಯಾಲೆ ಬ್ಯಾಳಿ ಬೇಯಂಗಿಲ್ಲ.”

ಗೌಡರು ನನ್ನ ಕಡೆ ತಿರುಗಿ ನಿಂತರು. ಶೇಖಪ್ಪ ಡಬ್ಬಿ ಎತ್ತಿದ. ಅಷ್ಟರಲ್ಲಿ ಫಕೀರವ್ವನೂ ಬಂದಿದ್ದಳು.

“ಕಳಸ್ತೀನಿ ಬೇ. ಅವರು ಇಲ್ಲ ಅಂದ್ರ?”

“ಇಲ್ಲ ಅನ್ನಲಿ. ಅದನ್ನ ಕಾಗದದಾಗ ಬರದು ಅನ್ನಲಿ. ಬಾಯಿಮಾತು ಸಾಕಾಗೈತಿ ನನಗ.”

ಈಗ ನನಗೂ ವಯಸ್ಸಾಗಿದೆ. ಅಂಚಿಗೆ ತುಕ್ಕು ಹಿಡಿದು ತೇಪೆ ಹಾಕಿದ್ದಾರೆ. ಫೈಬರಿನ ಹೊಸ ಡ್ರಮ್ಮು ತರಿಸುವ ಮಾತಿದೆ. ಅದು ಬಂದರೆ ನಾನು ಗುಜರಿಗೆ. ಫಕೀರವ್ವ, ದ್ಯಾಮವ್ವರ ಮನೆಗೆ ಪೈಪು ಇನ್ನೂ ಬಂದಿಲ್ಲ. ಬಂದರೆ, ಅದರೊಳಗೆ ಹೋಗುವ ಗ್ಯಾಸು ನನ್ನದೋ ಹೊಸ ಡ್ರಮ್ಮಿನದೋ, ಹೇಳಲಾರೆ.

ಶೇಖಪ್ಪ ಡಬ್ಬಿ ಎತ್ತಿದ ಆ ದಿನ ಗುಂಡಿಯ ಮೇಲೆ ನನ್ನದು ಒಂದು ಗೇಣಷ್ಟೇ ಕಾಣುತ್ತಿತ್ತು. ಅಷ್ಟೆತ್ತರದಿಂದ ನೋಡಿದೆ. ಶೇಖಪ್ಪ ಮೊಹರಿಗೆ ಬಾಯಿಯ ಹಬೆ ಊದಿ ಒತ್ತಿದ. ರಸ್ತೆ ದಾಟಿ ಪಂಚಾಯ್ತಿ ಗೋಡೆಯ ಕೆಂಪು ಅಂಚೆ ಡಬ್ಬಿಯಲ್ಲಿ ಲಕೋಟೆ ಹಾಕಿದ.

“ಬಿತ್ತೇನ್ರಿ?” ಎಂದು ಫಕೀರವ್ವ ಕೇಳಿದಳು.

“ಬಿತ್ತು ಬೇ.”

ಅವಳು ಬಾಗಿ ಡಬ್ಬಿಯ ಬಾಯೊಳಗೆ ನೋಡಿದಳು. “ಕತ್ತಲೈತಿ” ಎಂದಳು. ಗೋಡೆಯ ನೆರಳಿಗೆ ಕುಳಿತುಕೊಂಡಳು. ಪೋಸ್ಟಿನವನು ಬಂದು ಬೀಗ ತೆಗೆದು, ಇದ್ದದ್ದನ್ನೆಲ್ಲ ಚೀಲಕ್ಕೆ ತುಂಬಿ ಗದಗಿನ ಬಸ್ಸಿಗೆ ಕೊಟ್ಟ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆಯೇ ಅವಳು ಎದ್ದದ್ದು.