ಕಾಲ್ಬೆರಳ ಲೆಕ್ಕ

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೇ ಕಾವಲುಗಾರನ ಹೊಟ್ಟೆಪಾಡು. ಗೋದಾಮಿನ ಗೇಟು, ಬೀಗ, ಬಂದುಹೋಗುವ ಲಾರಿ, ಯಾವುದೂ ಅವನ ಕಣ್ಣು ತಪ್ಪಿಸುವಂತಿರಲಿಲ್ಲ. ಆದರೆ ಕಟ್ಟಿಕೊಂಡ ಹೆಂಡತಿಯ ಮುಖವನ್ನು ಇಷ್ಟು ವರ್ಷ ಸರಿಯಾಗಿ ನೋಡಿಯೇ ಇಲ್ಲವೆಂಬುದು ಅವನಿಗೆ ಗೊತ್ತಾದದ್ದು ಅವಳು ಕಟ್ಟಿದ ಒಂದು ಪರೀಕ್ಷೆಯ ದೆಸೆಯಿಂದ.

ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಯುತ್ತಿದ್ದಳು. ಪರೀಕ್ಷೆ ಪಾಸಾದರೆ ಅಲ್ಲೇ ಟೆಕ್ನಿಷಿಯನ್, ಸಿಂಕು ಬಿಟ್ಟು ಮೈಕ್ರೋಸ್ಕೋಪಿನ ಮುಂದೆ ಕೂರಬಹುದು. ಓದಿನಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಕೈಕೊಟ್ಟದ್ದು ಅವಳ ತುಟಿ. ಲೆಕ್ಕ ಬಂದರೆ ಸಾಕು, ಅದು ತನ್ನ ಪಾಡಿಗೆ ತಾನು ಪಿಟಿಪಿಟಿ ಶುರುಮಾಡುತ್ತಿತ್ತು. ಪರೀಕ್ಷೆಯೋ ಮನೆಯಲ್ಲೇ, ಕಂಪ್ಯೂಟರಿನಲ್ಲಿ. ಎಲ್ಲೋ ಕೂತ ಮೇಲ್ವಿಚಾರಕರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಹೋದ ಸಲ ಇವಳು ಯಾರ ಜೊತೆಗೋ ಮಾತಾಡುತ್ತಿದ್ದಾಳೆಂದು ಎಚ್ಚರಿಸಿ, ಕೊನೆಗೆ ನಡುವೆಯೇ ಪರೀಕ್ಷೆ ನಿಲ್ಲಿಸಿಬಿಟ್ಟಿದ್ದರು. ವಯಸ್ಸಿನ ಮಿತಿ ಹತ್ತಿರ ಬಂದಿತ್ತು. ಇನ್ನುಳಿದದ್ದು ಈ ಒಂದೇ ಅವಕಾಶ.

"ಅಪ್ಪಾ, ನೀನೇ ಕ್ಯಾಮೆರಾ ಆಗು. ನೋಡೋದೇ ತಾನೇ ನಿನ್ನ ಕೆಲಸ" ಎಂದಳು ಮಗಳು.

ಹಾಗೆ ದಿನಾ ಸಂಜೆ, ಡ್ಯೂಟಿಗೆ ಹೊರಡುವ ಮುಂಚೆ, ಅವನು ಚಮಚ ಹಿಡಿದು ಮೇಜಿನ ಆಚೆ ಕೂತ. ತುಟಿ ಅಲುಗಿದರೆ ಮೇಜಿಗೆ ಟಣ್ ಎಂದು ಒಂದೇಟು. ಮನೆ ಪಾತ್ರೆ ಅಂಗಡಿಯಾಯಿತು.

"ರೀ, ಸ್ವಲ್ಪ ಮೆಲ್ಲಗೆ ಕುಟ್ಟಿ. ತಲೇಲಿರೋದೂ ಹಾರಿಹೋಗುತ್ತೆ."

"ನನಗ್ಯಾಕೆ ಹೇಳ್ತೀಯ? ನಿನ್ನ ತುಟಿಗೆ ಹೇಳು."

ತುಟಿ ಬಿಗಿಹಿಡಿದರೆ ಲೆಕ್ಕ ನಿಲ್ಲುತ್ತಿತ್ತು, ಲೆಕ್ಕ ಓಡಿದರೆ ತುಟಿ ಅಲುಗುತ್ತಿತ್ತು. ಒಂದು ಸಂಜೆ ಅವಳು ಸೋತು ಹಿಂದಕ್ಕೆ ಒರಗಿದಳು. "ನನ್ನ ಹಣೇಲಿ ಕೊಳವೆ ತೊಳೆಯೋದೇ ಬರೆದಿದೆ, ಬಿಡಿ."

ಸಮಾಧಾನದ ಮಾತು ಬಾರದ ಮನುಷ್ಯ, "ಇನ್ನೊಂದೇ ಒಂದು ಮಾಡು" ಎಂದಷ್ಟೇ ಹೇಳಿದ.

ಅವಳು ಮಾಡತೊಡಗಿದಳು. ತುಟಿ ಅಲುಗಲಿಲ್ಲ. ಹುಬ್ಬಿನ ನಡುವೆ ಒಂದು ಗೆರೆ ಮೂಡಿ ನಿಂತಿತು. ಅದನ್ನೇ ನೋಡುತ್ತಾ ಕೂತವನ ಕೈಯಿಂದ ಚಮಚ ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಬಗ್ಗಿದಂತೆಯೇ ಉಳಿದ. ಮೇಜಿನ ಕೆಳಗೆ ಅವಳ ಕಾಲ್ಬೆರಳುಗಳು ಮಡಚಿ, ಬಿಚ್ಚಿ, ಒಂದು ಗಳಿಗೆ ತಡೆದು, ಮತ್ತೆ ಓಡುತ್ತಿದ್ದವು. ಇದ್ದಕ್ಕಿದ್ದಂತೆ ಎರಡೂ ಹಿಮ್ಮಡಿ ನೆಲ ಬಿಟ್ಟು ಎದ್ದವು.

"ಬಂತು" ಎಂದಳು ಅವಳು ಮೇಲೆ.

ಅವನ ಮೈ ಜುಮ್ಮೆಂದಿತು. ತನಗೆ ತಲೆಬುಡ ತಿಳಿಯದ ಆ ಪುಸ್ತಕವೆಲ್ಲ ಇವಳ ಮೈಯೊಳಗೆ ಅಂಗಾಲಿನವರೆಗೂ ಇಳಿದು ಓಡಾಡುತ್ತಿದೆ. ಇಂಥವಳ ಜೊತೆ ಇಷ್ಟು ವರ್ಷ ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎಂದೇ ಕಾಲ ಕಳೆದೆನಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು. ಕಾಲಿನ ವಿಷಯ ಅವಳಿಗೇ ಗೊತ್ತಿರಲಿಲ್ಲ. ಹೇಳಿದರೆ ಅದೂ ನಿಂತುಬಿಟ್ಟರೆ ಎಂದು ಅವನು ಬಾಯಿಬಿಡಲಿಲ್ಲ. ಅಂದಿನಿಂದ ಟಣ್ ಎನ್ನುವುದು ಕಡಿಮೆಯಾಯಿತು, ಚಮಚ ಜಾರುವುದು ಹೆಚ್ಚಾಯಿತು.

"ಕೈಗೇನಾಗಿದೆ ನಿಮಗೆ?"

"ವಯಸ್ಸಾಯ್ತಲ್ಲ" ಎನ್ನುತ್ತಾ ಅವನು ಬಗ್ಗುತ್ತಿದ್ದ.

ಪರೀಕ್ಷೆಯ ದಿನ ಅವಳು ಗೋಡೆ, ಕಿಟಕಿ, ಮೇಜಿನ ಅಡಿ ಎಲ್ಲವನ್ನೂ ಕ್ಯಾಮೆರಾಕ್ಕೆ ತೋರಿಸಿ ಬಾಗಿಲು ಹಾಕಿಕೊಂಡಳು. ಇನ್ನು ಯಾರೂ ಒಳಗೆ ಹೋಗುವಂತಿಲ್ಲ, ಸದ್ದು ಮಾಡುವಂತಿಲ್ಲ. ಕಾವಲುಗಾರ ಹೊರಗೆ ಶತಪಥ ತಿರುಗಿದ. ಆಮೇಲೆ ಬಾಗಿಲ ಕೆಳಗಿನ ಸಂದು ಕಣ್ಣಿಗೆ ಬಿತ್ತು. ಉದ್ದಕ್ಕೆ ಮಲಗಿ ಕೆನ್ನೆಯನ್ನು ನೆಲಕ್ಕೆ ಒತ್ತಿದ.

ಕಾಲ್ಬೆರಳುಗಳು ಓಡುತ್ತಿದ್ದವು. ಹಿಮ್ಮಡಿ ಎದ್ದಿತು, ಇಳಿಯಿತು. ಮತ್ತೆ ಎದ್ದಿತು.

ಆಮೇಲೆ ಎಲ್ಲ ನಿಂತುಹೋಯಿತು. ಪಾದಗಳು ಕಲ್ಲಿನ ಹಾಗೆ ಕೂತವು. ಎಚ್ಚರಿಕೆ ಬಂತೇ? ಲೆಕ್ಕ ಮತ್ತೆ ತುಟಿಗೆ ಹತ್ತಿತೇ? ಅವನು ಕೆಮ್ಮಲೂ ಹೆದರಿ ಉಸಿರು ಬಿಗಿಹಿಡಿದ.

ಬಲಗಾಲಿನ ಹೆಬ್ಬೆರಳು ಮೆಲ್ಲಗೆ ಮಡಚಿತು. ಬಿಚ್ಚಿತು. ಉಳಿದವೂ ಅದರ ಹಿಂದೆ ಹೊರಟವು. ನೋಡನೋಡುತ್ತಿದ್ದಂತೆ ಎರಡೂ ಹಿಮ್ಮಡಿ ಎಂದೂ ಏಳದಷ್ಟು ಮೇಲಕ್ಕೆ ಎದ್ದವು. ಅವನ ಕಣ್ಣು ಮಂಜಾಯಿತು.

ಮಗಳು ಬಂದು ನೋಡಿ ಗಾಬರಿಯಾದಳು. "ಅಪ್ಪಾ, ಯಾಕೆ ಹೀಗೆ ಬಿದ್ಕೊಂಡಿದೀಯ?" ಎಂದು ಪಿಸುಗುಟ್ಟಿದಳು.

"ಡ್ಯೂಟಿ ಮೇಲಿದೀನಿ."

ಅವಳೂ ಪಕ್ಕದಲ್ಲಿ ಮಲಗಿ ಸಂದಿಗೆ ಕಣ್ಣಿಟ್ಟಳು. ಕಂಡದ್ದು ಬರೀ ಎರಡು ಕಾಲು.

"ಅಮ್ಮ ಏನ್ಮಾಡ್ತಿದಾಳೆ?"

"ಪಾಸಾಗ್ತಿದಾಳೆ" ಎಂದ ಅವನು, ಸಂದಿನಿಂದ ಕಣ್ಣು ತೆಗೆಯದೆ.